ಮಿಡಿಗಾಮದಲ್ಲಿ ನೀರು ಇಳಿಯುವ ಮುಂಚೆ

ಶ್ರೀಲಂಕಾದ ಸರ್ಫಿಂಗ್ ಸೀಸನ್ ಯಾವಾಗ ಅಂತ ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನಲ್ಲಿ ನಮಗೆ ಮಳೆ ತರುವ ನೈಋತ್ಯ ಮಾರುತವೇ ಅವರ ದಕ್ಷಿಣ, ಪಶ್ಚಿಮ ತೀರವನ್ನೂ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಕದಡಿ ಹಾಕುತ್ತದೆ. ಆಗ ಸರ್ಫರ್‌ಗಳು ಗಂಟುಮೂಟೆ ಕಟ್ಟಿಕೊಂಡು ಪೂರ್ವ ತೀರದ ಅರುಗಂ ಬೇಗೆ ಹೋಗುತ್ತಾರೆ. ನವೆಂಬರ್ ಬಂತೆಂದರೆ ವಾಪಸ್ ದಕ್ಷಿಣಕ್ಕೆ. ಆಮೇಲೆ ಏಪ್ರಿಲ್‌ವರೆಗೆ ಹಿಕ್ಕಡುವ, ಅಹಂಗಮ, ಮಿಡಿಗಾಮ, ವೆಲಿಗಾಮ, ಮಿರಿಸ್ಸ ಎಲ್ಲೆಲ್ಲೂ ಬೋರ್ಡ್ ಬಾಡಿಗೆ ಅಂಗಡಿಗಳದ್ದೇ ಸಾಲು.

ಅದರಲ್ಲೂ ಫೆಬ್ರವರಿ, ನನ್ನ ಲೆಕ್ಕದಲ್ಲಿ, ಕಲಿಯುವವರ ತಿಂಗಳು. ಇಲ್ಲಿಗೆ ಬರುವ ಒಳ್ಳೆಯ ಅಲೆಗಳು ಇಲ್ಲಿ ಹುಟ್ಟಿದವಲ್ಲ. ಭೂಮಧ್ಯರೇಖೆಯ ಆಚೆ, ದಕ್ಷಿಣಕ್ಕೆ 40–50 ಡಿಗ್ರಿ ಅಕ್ಷಾಂಶದಲ್ಲಿ ಏಳುವ ಬಿರುಗಾಳಿಗಳಿಂದ ಹೊರಟವು. ಫೆಬ್ರವರಿಯಲ್ಲಿ ಅಲ್ಲಿ ಬೇಸಿಗೆ. ಬಿರುಗಾಳಿ ಇರುತ್ತದೆ, ಆದರೆ ಆರ್ಭಟ ಸ್ವಲ್ಪ ಕಮ್ಮಿ. ಅಲೆಯೂ ಅಷ್ಟೇ, ಮೈಮೇಲೆ ಬೀಳುವ ಗಾತ್ರಕ್ಕೆ ಬೆಳೆಯುವ ದಿನಗಳು ಕಡಿಮೆ. ಇತ್ತ ಲಂಕೆಯಲ್ಲಿ ಬೆಳಗಿನ ಗಾಳಿ ಈಶಾನ್ಯದಿಂದ, ಅಂದರೆ ನೆಲದ ಕಡೆಯಿಂದ ಬೀಸುತ್ತದೆ. ಅದು ಅಲೆಯ ಮುಖಕ್ಕೆ ಎದುರಾಗಿ ಬಂದು ಅಲೆಯನ್ನು ಒಂದು ಕ್ಷಣ ಜಾಸ್ತಿ ಎತ್ತಿ ಹಿಡಿಯುತ್ತದೆ. ಕಲಿಯುವವರಿಗೆ ಆ ಒಂದು ಕ್ಷಣವೇ ಬೇಕಾಗಿರುವುದು.

ಮಂಗಳವಾರ

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ಗಡಿಯಾರ ಬದಲಿಸುವ ಕೆಲಸವೂ ಇಲ್ಲ, ಅವರದ್ದೂ ನಮ್ಮದೇ ಸಮಯ. ಕೊಲಂಬೊ ಫೋರ್ಟ್ ಸ್ಟೇಷನ್‌ನಲ್ಲಿ ಮಾತಾರಾ ಕಡೆಯ ರೈಲು ಹತ್ತಿದೆವು, ಮಿಡಿಗಾಮದಲ್ಲಿ ಸರ್ಫಿಂಗ್ ಕಲಿಯಲು. ಜೊತೆಗೆ ನನ್ನ ಭಾವ. ಸುರತ್ಕಲ್‌ನವರು, ಕಡಲು ನೋಡಿಕೊಂಡೇ ಬೆಳೆದವರು. ಹಾಗಾಗಿ ಅಲೆಯ ಮುನ್ಸೂಚನೆ, ಚಾರ್ಟು ಅಂದರೆ ಅವರಿಗೆ ನಗು.

"ಎಂತ ಮಾರಾಯ, ಮೊಬೈಲ್ ನೋಡಿ ನೀರಿಗಿಳಿಯುವುದಾ? ಕಡಲು ಕಣ್ಣಿಗೆ ಕಾಣುವುದಿಲ್ವಾ ನಿಂಗೆ?"

ರೈಲು ಪೂರ್ತಿ ಕಡಲ ಅಂಚಿನಲ್ಲೇ ಓಡುತ್ತದೆ. ಬಲಗಡೆ ಸೀಟು ಸಿಕ್ಕರೆ ಅದೃಷ್ಟ, ಇಲ್ಲದಿದ್ದರೆ ಬಾಗಿಲಲ್ಲಿ ನಿಲ್ಲಿ. ಹಿಕ್ಕಡುವಕ್ಕೆ ಸ್ವಲ್ಪ ಮುಂಚೆ ಪೆರಾಲಿಯ ಸಿಗುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿ ಇದೇ ಹಳಿಯ ಮೇಲೆ ನಿಂತಿದ್ದ ರೈಲನ್ನು ಎತ್ತಿ ಒಗೆದ ಜಾಗ. ಸಾವಿರಕ್ಕೂ ಹೆಚ್ಚು ಜನ ಹೋದರು. ಅಲ್ಲಿ ಸ್ಮಾರಕವಿದೆ. ನಮ್ಮ ಡಬ್ಬಿಯಲ್ಲಿದ್ದ ಒಬ್ಬ ಅಜ್ಜಿ ಆ ಕಡೆ ತಿರುಗಿ ಕೈಮುಗಿದರು. ಅಲ್ಲಿಯವರೆಗೆ ಜೋರಾಗಿ ಮಾತಾಡುತ್ತಿದ್ದ ಭಾವನೂ ಸುಮ್ಮನಾದರು.

ಮಿಡಿಗಾಮದಲ್ಲಿ ನಿಧಾನದ ರೈಲು ಮಾತ್ರ ನಿಲ್ಲುತ್ತದೆ. ವೆಲಿಗಾಮದಲ್ಲಿ ಇಳಿದು ಆಟೋ ಹಿಡಿದೆವು. ಅಲ್ಲಿ ಅದಕ್ಕೆ ಟುಕ್‌ಟುಕ್ ಅನ್ನಬೇಕು, ಚೌಕಾಸಿ ಮಾತ್ರ ನಮ್ಮದೇ ಥರ. ರೂಮಿಗೆ ಬ್ಯಾಗ್ ಬಿಸಾಕಿ ಮೊದಲು ಮಾಡಿದ ಕೆಲಸ ರಸ್ತೆ ಬದಿಗೆ ಹೋಗಿ ಅಲೆ ನೋಡಿದ್ದು. 'ಲೇಜಿ ಲೆಫ್ಟ್' ಅಂತ ಅದರ ಹೆಸರು. ಅಲೆಯ ಮೇಲೆ ನಿಂತವನಿಗೆ ಎಡಗಡೆಗೆ ಒಡೆಯುತ್ತಾ, ಅವಸರವಿಲ್ಲದೆ ಸಾಗುವ ಅಲೆ. ಆವತ್ತು ಚಾರ್ಟ್‌ನಲ್ಲಿ ಅಲೆಯ ಎತ್ತರ 0.8 ಮೀಟರ್, ಎರಡು ಅಲೆಗಳ ನಡುವೆ 11 ಸೆಕೆಂಡ್. ಮೊಣಕಾಲು, ಸೊಂಟದ ಎತ್ತರ, ಅಷ್ಟೇ. ಆದರೆ ಮಧ್ಯಾಹ್ನದ ಗಾಳಿ ಕಡಲಿಂದ ಬೀಸುತ್ತಿತ್ತು. ನೀರೆಲ್ಲ ಸುಕ್ಕು ಸುಕ್ಕು.

ಈ ಅಲೆ ಒಡೆಯುವುದು ರೀಫ್ ಮೇಲೆ, ಅಂದರೆ ನೀರಡಿಯ ಬಂಡೆಯ ಮೇಲೆ. ರೀಫ್ ಅಂದ ಕೂಡಲೇ ಹೆದರುವವರು ಜಾಸ್ತಿ. ಹೆದರಬೇಕಾದದ್ದೂ ಇದೆ. ಆದರೆ ಅದರಲ್ಲಿ ಕಲಿಯುವವರಿಗೆ ಅನುಕೂಲವೂ ಇದೆ. ನಾನು ಬೋರ್ಡ್ ಮೇಲೆ ಮೊದಲು ನಿಂತದ್ದು ಮುಲ್ಕಿಯಲ್ಲಿ. ಅಲ್ಲಿ ತಳದಲ್ಲಿ ಮರಳು. ಬಿದ್ದರೆ ಪರವಾಗಿಲ್ಲ, ಆದರೆ ಮರಳಿನ ದಿಬ್ಬ ಇವತ್ತು ಇದ್ದಲ್ಲಿ ನಾಳೆ ಇರುವುದಿಲ್ಲ, ಅಲೆಯೂ ಜಾಗ ಬದಲಿಸುತ್ತದೆ. ರೀಫ್ ಎಲ್ಲಿಗೂ ಹೋಗುವುದಿಲ್ಲ. ಅಲೆ ದಿನವೂ ಅಲ್ಲೇ ಏಳುತ್ತದೆ, ಅಲ್ಲೇ ಒಡೆಯುತ್ತದೆ. ಪಕ್ಕದಲ್ಲಿ ನೀರು ಆಳವಿರುವ ಒಂದು ದಾರಿ ಇರುತ್ತದೆ, ಚಾನೆಲ್ ಅನ್ನುತ್ತಾರೆ. ನೊರೆಗೆ ಎದೆ ಕೊಡದೆ ಅಲ್ಲಿಂದಲೇ ಆರಾಮಾಗಿ ಹೊರಗೆ ಹೋಗಬಹುದು. ತಳ ನಿಧಾನಕ್ಕೆ ಏರಿದರೆ ಅಲೆಯ ತಲೆ ಪುಡಿಪುಡಿಯಾಗಿ ಜಾರುತ್ತದೆ. ತಳ ಥಟ್ಟನೆ ಏರಿದರೆ ಅಲೆ ಸುರುಳಿಯಾಗಿ ಕುಸಿಯುತ್ತದೆ. ಲೇಜಿ ಲೆಫ್ಟ್ ಮೊದಲನೆಯ ಜಾತಿ. ಅದೇ ಊರಿನ 'ರ‍್ಯಾಮ್ಸ್' ಎರಡನೆಯದು. ಅಲ್ಲಿಗೆ ನಮ್ಮಂಥವರು ಕ್ಯಾಮೆರಾ ಹಿಡಿದುಕೊಂಡು ಹೋಗಬೇಕು, ಬೋರ್ಡ್ ಹಿಡಿದುಕೊಂಡಲ್ಲ.

ಬುಧವಾರ

ಹುಣ್ಣಿಮೆ. ಲಂಕೆಯಲ್ಲಿ ಪ್ರತಿ ಹುಣ್ಣಿಮೆಯೂ ಪೋಯ, ಸರ್ಕಾರಿ ರಜೆ. ಹೆಂಡದ ಅಂಗಡಿ ಬಂದ್. ಬೆಳಿಗ್ಗೆಯೇ ಬಿಳಿ ಬಟ್ಟೆ ಉಟ್ಟವರು ತಾವರೆ ಹೂ ಹಿಡಿದು ವಿಹಾರದ ಕಡೆ ಹೊರಟಿದ್ದರು.

ಕಡಲಿಗೂ ಹುಣ್ಣಿಮೆ ಗೊತ್ತಾಗುತ್ತದೆ ಅಲ್ವಾ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತವೂ ಜೋರು, ಇಳಿತವೂ ಜೋರು. ನಮ್ಮ ಕಾರವಾರದಲ್ಲಿ ಆ ದಿನಗಳಲ್ಲಿ ನೀರು ಎರಡು ಮೀಟರ್ ಹತ್ತಿರ ಏರಿಳಿಯುತ್ತದೆ. ಲಂಕೆಯ ದಕ್ಷಿಣ ತೀರದಲ್ಲಿ ಅರ್ಧ ಮೀಟರ್ ಚಿಲ್ಲರೆ ಮಾತ್ರ. ಇದನ್ನು ಕೇಳಿ ಭಾವ "ಇಷ್ಟಕ್ಕೇನಾ?" ಅಂದರು. ನಮ್ಮ ಕೋಚ್ ಮಾತಾಡಲಿಲ್ಲ. ಮಿಡಿಗಾಮದ್ದೇ ಹುಡುಗ, ಅಪ್ಪ ಮೀನುಗಾರ. "ಎಂಟು ಗಂಟೆಗೆ ಬನ್ನಿ, ಬೋರ್ಡ್ ಬೇಡ" ಅಂದ.

ಎಂಟಕ್ಕೆ ಪೂರ್ತಿ ಇಳಿತ. ದಡದ ಹತ್ತಿರದ ರೀಫ್ ನೀರಿನಿಂದ ಮೇಲೆ ಎದ್ದು ಕೂತಿತ್ತು. ರಬ್ಬರ್ ಶೂ ಹಾಕಿಸಿ ಅದರ ಮೇಲೆ ನಡೆಸಿದ. ದೂರದಿಂದ ಪಾಚಿ ಮೆತ್ತಿದ ಮೆತ್ತನೆಯ ಬಂಡೆ ಅನ್ನಿಸುತ್ತದೆ. ಬಗ್ಗಿ ಅಂಗೈ ಇಟ್ಟರೆ ರುಬ್ಬುವ ಕಲ್ಲಿಗೆ ಹೊಸದಾಗಿ ಉಳಿ ಪೆಟ್ಟು ಹಾಕಿಸಿದ ಹಾಗೆ, ತರಚುವ ಸಣ್ಣ ಸಣ್ಣ ಮೊನೆ. ನಡುನಡುವೆ ಬೊಗಸೆಯಷ್ಟು ಗುಂಡಿಗಳು. ಪ್ರತಿ ಗುಂಡಿಯಲ್ಲೂ ಒಂದು ಕಪ್ಪು ಸೀ ಅರ್ಚಿನ್, ಬೆರಳುದ್ದದ ಮುಳ್ಳು ಬಿಟ್ಟುಕೊಂಡು ಕೂತಿದೆ. ನೀರು ಅಲುಗಿದಾಗ ಮುಳ್ಳುಗಳೂ ನಿಧಾನಕ್ಕೆ ತಿರುಗುತ್ತವೆ. ಒಂದು ಗುಂಡಿಯಲ್ಲಿ ಬೋರ್ಡ್‌ನ ಮುರಿದ ಫಿನ್, ಅಂದರೆ ಅಡಿಯ ರೆಕ್ಕೆ, ಸಿಕ್ಕಿಹಾಕಿಕೊಂಡಿತ್ತು, ಕೇಸರಿ ಬಣ್ಣದ್ದು. ಕೋಚ್ ಅದನ್ನು ಕಿತ್ತು ಭಾವನ ಕೈಗೆ ಕೊಟ್ಟ.

ಆಮೇಲೆ ಹೇಳಿದ: ಅಲೆ ತನ್ನ ಎತ್ತರಕ್ಕಿಂತ ಸ್ವಲ್ಪ ಜಾಸ್ತಿ ಆಳ ಇರುವಲ್ಲಿ ಒಡೆಯುತ್ತದೆ. ಒಂದು ಮೀಟರ್ ಅಲೆಗೆ ಸುಮಾರು 1.3 ಮೀಟರ್ ನೀರು. ಬಿದ್ದವನ ಕೆಳಗೆ ಇರುವುದು ಅಷ್ಟೇ ನೀರು. ಅದರಲ್ಲಿ ಅರ್ಧ ಮೀಟರ್ ಹೋಯಿತು ಅಂದರೆ ಲೆಕ್ಕವೇ ಬೇರೆ. ಹಾಗಾಗಿ ಕಲಿಯುವವರನ್ನು ಪೂರ್ತಿ ಇಳಿತದಲ್ಲಿ ಅವನು ರೀಫ್ ಮೇಲೆ ಇಳಿಸುವುದೇ ಇಲ್ಲ.

ಸಮಾಧಾನದ ಸುದ್ದಿಯೂ ಅದರಲ್ಲೇ ಇತ್ತು. ಭರತ, ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಬುಧವಾರ ಎಂಟಕ್ಕೆ ಇಳಿತ ಅಂದರೆ ಶನಿವಾರ ಹತ್ತೂವರೆ ಹತ್ತಿರ. ಅಂದರೆ ಶನಿವಾರ ಬೆಳಕು ಹರಿಯುವಾಗ ರೀಫ್ ಮೇಲೆ ಸಾಕಷ್ಟು ನೀರು. "ಶನಿವಾರ" ಅಂತ ಹೇಳಿ ಹೋಗಿಬಿಟ್ಟ.

ಉಳಿದ ದಿನ ವೆಲಿಗಾಮದ ಕೊಲ್ಲಿಯಲ್ಲಿ ಕಳೆಯಿತು. ಅದು ಮರಳ ತಳದ ದೊಡ್ಡ ಕೊಲ್ಲಿ, ಹೊಸಬರ ಜಾತ್ರೆ. ಒಂದೇ ಅಲೆಯ ಮೇಲೆ ಏಳೆಂಟು ಜನ, ಎಲ್ಲರೂ ಎಲ್ಲರ ಮೇಲೆ ಬೀಳುತ್ತಾರೆ. ಬೋರ್ಡ್ ಮೇಲೆ ಮಲಗಿ, ಎದೆಯ ಪಕ್ಕ ಕೈ ಊರಿ, ಒಂದೇ ಸಲಕ್ಕೆ ಎದ್ದು ನಿಲ್ಲುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎದುರಿಗೆ ಟಾಪ್ರೊಬೇನ್ ಅನ್ನುವ ಪುಟ್ಟ ದ್ವೀಪ, ಮೇಲೊಂದು ಬಂಗಲೆ. ನೀರು ಕಮ್ಮಿ ಇದ್ದಾಗ ನಡೆದೇ ಹೋಗಬಹುದು.

ಗುರುವಾರ

ರಾತ್ರಿಯೇ ಸದ್ದು ಬದಲಾಗಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಕಡಲು ಸಪಾಟು. ಭಾವ ಬೋರ್ಡ್ ಎತ್ತಿಕೊಂಡೇ ಬಂದಿದ್ದರು.

"ನೋಡು, ಒಂದು ಅಲೆಯೂ ಇಲ್ಲ. ನಿನ್ನ ಚಾರ್ಟು 1.6 ಮೀಟರ್ ಅಂತದೆ!"

"ಭಾವ, ಒಂದು ಹತ್ತು ನಿಮಿಷ ಕೂತ್ಕೊಳ್ಳಿ" ಅಂದೆ. ಚಾ ಅಂಗಡಿಯ ಬೆಂಚಿನಲ್ಲಿ ಕೂತೆವು. ಚಾ ಅರ್ಧ ಮುಗಿದಿರಬೇಕು, ದೂರದಲ್ಲಿ ಕಡಲಿನ ಗೆರೆ ದಪ್ಪಗಾಯಿತು. ಒಂದರ ಹಿಂದೆ ಒಂದು ಐದಾರು ಅಲೆ. ತಲೆಗಿಂತ ಎತ್ತರ. ನಿನ್ನೆ ನಾವು ನಡೆದಾಡಿದ ಬಂಡೆಯ ಆಚೆ ಅವು ಒಡೆದ ಸದ್ದಿಗೆ ಅಂಗಡಿಯ ನಾಯಿ ಎದ್ದು ಜಾಗ ಬದಲಿಸಿತು. ಆಮೇಲೆ ಮತ್ತೆ ಸಪಾಟು, ಹತ್ತು ಹನ್ನೆರಡು ನಿಮಿಷ.

ಇದೇ ಸೆಟ್. ದೂರದ ಬಿರುಗಾಳಿಯಿಂದ ಬಂದ ಅಲೆ, ಅಂದರೆ ಸ್ವೆಲ್, ಹೀಗೆ ಗುಂಪು ಗುಂಪಾಗಿಯೇ ಬರುತ್ತದೆ. ನಡುವಿನ ಖಾಲಿ ಹೊತ್ತು ನೋಡಿ ನೀರಿಗಿಳಿದವರು ಮುಂದಿನ ಸೆಟ್‌ಗೆ ಸಿಕ್ಕಿಹಾಕಿಕೊಳ್ಳುತ್ತಾರೆ. ಕಡಲು ಕಣ್ಣಿಗೆ ಕಾಣುವುದು ನಿಜ, ಆದರೆ ಐದು ನಿಮಿಷ ನೋಡಿದವನಿಗೆ ಅರ್ಧವೇ ಕಾಣುವುದು.

ಚಾರ್ಟ್‌ನಲ್ಲಿ ಎಲ್ಲರೂ ಮೊದಲು ನೋಡುವುದು ಎತ್ತರ. ನನ್ನ ಅಭಿಪ್ರಾಯದಲ್ಲಿ ಅದನ್ನು ಕೊನೆಗೆ ನೋಡಬೇಕು. ಮೊದಲು ನೋಡಬೇಕಾದದ್ದು ಸೆಕೆಂಡ್, ಅಂದರೆ ಒಂದು ಅಲೆಯ ನೆತ್ತಿ ದಾಟಿ ಮುಂದಿನ ನೆತ್ತಿ ಬರುವವರೆಗಿನ ಅಂತರ. 8 ಸೆಕೆಂಡಿನ ಅಲೆ ಹತ್ತಿರದ ಗಾಳಿಗೆ ಎದ್ದದ್ದು. ಆಳ ಕಡಲಿನಲ್ಲಿ ಅದರ ಉದ್ದ ಸುಮಾರು 100 ಮೀಟರ್, ತಳ ತಾಗುವುದು 50 ಮೀಟರ್ ಆಳ ಬಂದಮೇಲೆ. 16 ಸೆಕೆಂಡಿನದ್ದಕ್ಕೆ 400 ಮೀಟರ್ ಉದ್ದ. 200 ಮೀಟರ್ ಆಳದಲ್ಲೇ ತಳ ತಾಗಿ, ನಿಧಾನವಾಗಿ, ಹಿಂದಿನ ನೀರು ಮುಂದಿನದರ ಮೇಲೆ ಒತ್ತಿ, ದಡಕ್ಕೆ ಬರುವಷ್ಟರಲ್ಲಿ ಸಿಕ್ಕಾಪಟ್ಟೆ ಎತ್ತರ ಆಗುತ್ತದೆ. ಅದಕ್ಕೇ 1.2 ಮೀಟರ್, 8 ಸೆಕೆಂಡ್ ಅಂದರೆ ನೀರಾಟ. ಅದೇ 1.2 ಮೀಟರ್, 16 ಸೆಕೆಂಡ್ ಅಂದರೆ ಹೊಸಬರು ದಡದಲ್ಲೇ ಇರುವುದು ಒಳ್ಳೆಯದು. ಭಾವ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಎಣಿಸಿದರು. ಹದಿನಾರು, ಹದಿನೇಳು. ಇನ್ನೊಂದು ಸೆಟ್‌ಗೂ ಎಣಿಸಿದರು. ಮಾತಿಲ್ಲ.

ಉದ್ದ ಸೆಕೆಂಡಿನ ಅಲೆಗಳು ವೇಗವಾಗಿಯೂ ಸಾಗುತ್ತವೆ, ಹಾಗಾಗಿ ಅವೇ ಮೊದಲು ಮುಟ್ಟುತ್ತವೆ. 16 ಸೆಕೆಂಡಿನ ಅಲೆಗಳ ಗುಂಪು ಗಂಟೆಗೆ ಸುಮಾರು 45 ಕಿಲೋಮೀಟರ್ ಸಾಗುತ್ತದೆ. ದಕ್ಷಿಣ 45 ಡಿಗ್ರಿಯಿಂದ ಇಲ್ಲಿಗೆ ಐದೂವರೆ ಸಾವಿರ ಕಿಲೋಮೀಟರ್‌ಗಿಂತ ಜಾಸ್ತಿ. ಐದು ದಿನದ ದಾರಿ. ನಡುವೆ ತಡೆಯಲು ನೆಲವೇ ಇಲ್ಲ. ಅಂದರೆ ನಾವು ಬೆಂಗಳೂರಿನಲ್ಲಿ ಬ್ಯಾಗ್ ತುಂಬುವ ಮುಂಚೆಯೇ ಈ ಅಲೆಗಳು ಹೊರಟಾಗಿತ್ತು. ಆಗಿನ ಚಾರ್ಟ್‌ನಲ್ಲಿ ಆ ಬಿರುಗಾಳಿ ಕಾಣುತ್ತಲೂ ಇತ್ತು. ವಾಲ್ಟರ್ ಮಂಕ್ ಅನ್ನುವ ವಿಜ್ಞಾನಿ 1963ರಲ್ಲಿ ತನ್ನ ತಂಡ ಕಟ್ಟಿಕೊಂಡು, ದಕ್ಷಿಣದ ಬಿರುಗಾಳಿಗಳ ಅಲೆಯನ್ನು ಪೆಸಿಫಿಕ್ ಉದ್ದಕ್ಕೂ ಅಲಾಸ್ಕಾವರೆಗೆ ಬೆನ್ನಟ್ಟಿ ಅಳೆದಿದ್ದ. ಇವತ್ತು ನಮ್ಮ ಮೊಬೈಲ್‌ನಲ್ಲಿ ಪುಕ್ಕಟೆ ಸಿಗುವ ಚಾರ್ಟ್‌ನ ಹಿಂದೆ ಅಂಥವರ ಕೆಲಸವಿದೆ. ನಮ್ಮಲ್ಲೂ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದೇ ಲೆಕ್ಕದಲ್ಲಿ ಎಚ್ಚರಿಕೆ ಕೊಡುತ್ತದೆ. ಗಾಳಿ ಮಳೆ ಏನೂ ಇಲ್ಲದ ದಿನ ಕೇರಳದಲ್ಲಿ ಕಡಲು ಏಕಾಏಕಿ ಮನೆಗಳಿಗೆ ನುಗ್ಗುತ್ತದಲ್ಲ, 'ಕಳ್ಳಕ್ಕಡಲ್' ಅನ್ನುತ್ತಾರೆ. ಅದೂ ಇದೇ ದೂರದ ಸ್ವೆಲ್.

ಮಧ್ಯಾಹ್ನ ಗಾಲೆಗೆ ಹೋದೆವು. 1640ರಲ್ಲಿ ಪೋರ್ಚುಗೀಸರಿಂದ ಡಚ್ಚರು ಕಿತ್ತುಕೊಂಡು, ಆಮೇಲೆ ದೊಡ್ಡದಾಗಿ ಕಟ್ಟಿಸಿದ ಕೋಟೆ. 1988ರಿಂದ ವಿಶ್ವ ಪರಂಪರೆ ತಾಣ. ಚೆನ್ನಾಗಿದೆ, ಆದರೆ ಒಳಗೆ ಒಂದು ಕಾಫಿ ಕುಡಿಯುವ ದುಡ್ಡಿಗೆ ಮಿಡಿಗಾಮದಲ್ಲಿ ಊಟ ಆಗುತ್ತದೆ. ದಾರಿಯಲ್ಲಿ ಕೊಗ್ಗಲದ ಹತ್ತಿರ ಕಡಲಿನ ಗಳುಗಳ ಮೇಲೆ ಕೂತು ಮೀನು ಹಿಡಿಯುವವರೂ ಕಂಡರು. ಈಗ ಮೀನಿಗಿಂತ ಫೋಟೋಗೆ ಕೊಡುವ ಕಾಸೇ ಜಾಸ್ತಿ.

ಶುಕ್ರವಾರ

ರಾತ್ರಿ ಗುಡುಗು, ಮಳೆ. ಫೆಬ್ರವರಿಯಲ್ಲೂ ಹೀಗೊಂದು ಮಳೆ ಬಂದುಬಿಡುತ್ತದೆ. ಬೆಳಿಗ್ಗೆ ಸ್ವೆಲ್ ಇಳಿದಿತ್ತು, 1.3 ಮೀಟರ್, 14 ಸೆಕೆಂಡ್. ನೀರೂ ನಿನ್ನೆಗಿಂತ ಮೇಲು. ಆದರೆ ಮೋಡದ ಗಾಳಿ ಆಗ್ನೇಯದಿಂದ ಅಡ್ಡಡ್ಡ ಬೀಸಿ ಎಲ್ಲ ಕೆಡಿಸಿತು. ಕೋಚ್ ಕಡಲಿನ ಕಡೆ ಒಮ್ಮೆ ನೋಡಿ, "ಬೇಡ ಮಚಾಂ, ಹೋಗಿ ಮಲಗಿ" ಅಂದ.

ನಾವು ಮಲಗಲಿಲ್ಲ, ತಿಂದೆವು. ಇಂಡಿಯಪ್ಪ ಅಂದರೆ ನಮ್ಮ ಒತ್ತು ಶಾವಿಗೆಯೇ, ಚಿಕ್ಕ ಚಿಕ್ಕ ಬಿಲ್ಲೆಯಾಗಿ. ಜೊತೆಗೆ ಬೇಳೆಯ ಪರಿಪ್ಪು, ಕೆಂಪು ಮೆಣಸು ಹಾಕಿದ ತೆಂಗಿನಕಾಯಿ ಸಂಬೋಲ. ಭಾವ ಮೂರು ತಟ್ಟೆ ಮುಗಿಸಿ, "ಬೆಲ್ಲ ಕಾಯಿಹಾಲು ಕೊಟ್ಟಿದ್ರೆ ಇನ್ನೂ ಎರಡು ಹೋಗ್ತಿತ್ತು" ಅಂದರು. ಸಂಜೆ ಮರಳಿನ ಮೇಲೆ ಬೋರ್ಡ್ ಆಕಾರ ಗೀಚಿಕೊಂಡು ಎದ್ದು ನಿಲ್ಲುವ ಅಭ್ಯಾಸ. ಬೀಳುವ ಅಭ್ಯಾಸ ಕೂಡ. ರೀಫ್ ಮೇಲೆ ತಲೆ ಕೆಳಗಾಗಿ ಹಾರಬಾರದು. ಕೈಕಾಲು ಅಗಲಿಸಿ ಬೆನ್ನ ಮೇಲೆ ಚಪ್ಪಟೆಯಾಗಿ ಬೀಳಬೇಕು, ತಕ್ಷಣ ತಲೆಗೆ ಕೈ ಅಡ್ಡ ಇಡಬೇಕು. ಎಷ್ಟೇ ಆಸೆಯಾದರೂ ಕಾಲೂರಿ ನಿಲ್ಲಬಾರದು. ಅರ್ಚಿನ್ ನೆನಪಿತ್ತು, ಹಾಗಾಗಿ ಎರಡು ಸಲ ಹೇಳಿಸಿಕೊಳ್ಳಬೇಕಾಗಲಿಲ್ಲ.

ಶನಿವಾರ

1 ಮೀಟರ್, 12 ಸೆಕೆಂಡ್. ಗಾಳಿ ಈಶಾನ್ಯ, ಇದ್ದೂ ಇಲ್ಲದ ಹಾಗೆ. ಇಳಿತಕ್ಕೆ ಇನ್ನೂ ನಾಲ್ಕು ಗಂಟೆ. ಆರೂವರೆಗೆಲ್ಲ ನೀರಿನಲ್ಲಿದ್ದೆವು.

ನೀರು ಬೆಚ್ಚಗೆ, 28 ಡಿಗ್ರಿ ಇರಬಹುದು. ತೋಳಿದ್ದ ಬನಿಯನ್ ಸಾಕು, ಅದೂ ಚಳಿಗಲ್ಲ, ಬಿಸಿಲಿಗೆ. ಎಂಟು ಅಡಿಯ ಮೆತ್ತನೆಯ ಬೋರ್ಡ್ ಮೇಲೆ ಮಲಗಿ ಚಾನೆಲ್‌ನಲ್ಲಿ ಪ್ಯಾಡಲ್ ಮಾಡುತ್ತಾ, ಅಂದರೆ ಕೈಯಿಂದ ನೀರು ತಳ್ಳುತ್ತಾ, ಹೋದೆವು. ಕೂದಲೂ ಒದ್ದೆಯಾಗಲಿಲ್ಲ. ಎಡಗಡೆ ಅಲೆ ಒಡೆಯುತ್ತಿತ್ತು, ನಾವು ಅದರ ಪಕ್ಕದಲ್ಲೇ ಮೆರವಣಿಗೆಯಲ್ಲಿ ಹೋದ ಹಾಗೆ ಹೋದೆವು.

ಹೊರಗೆ ಹೋದಮೇಲೆ ಕೋಚ್ ದಡದ ಕಡೆ ತಿರುಗಿಸಿದ. "ಆ ಬಾಗಿದ ತೆಂಗಿನಮರ ನೋಡಿ. ಅದರ ಹಿಂದೆ ನೀಲಿ ನೀರಿನ ಟ್ಯಾಂಕ್. ಎರಡೂ ಒಂದರ ಹಿಂದೆ ಒಂದು ಬಂದರೆ ನೀವು ಸರಿಯಾದ ಜಾಗದಲ್ಲಿದ್ದೀರಿ." ಮಲ್ಪೆಯ ಮೀನುಗಾರರೂ ಹಿಂದೆ ಹೀಗೇ ದಡದ ಗುರುತು ಹಿಡಿಯುತ್ತಿದ್ದರು ಅಂತ ಭಾವ ಖುಷಿಯಾದರು. ಆಮೇಲಿನ ಒಂದು ಗಂಟೆ ಅವರು ಟ್ಯಾಂಕಿನಿಂದ ಕಣ್ಣು ಕೀಳಲಿಲ್ಲ.

ಒಬ್ಬರಿಗೆ ಒಂದು ಅಲೆ, ಅದೇ ಇಲ್ಲಿನ ಕಾನೂನು. ಒಡೆಯುವ ತುದಿಗೆ ಹತ್ತಿರ ಇರುವವನದ್ದು ಅಲೆ, ಉಳಿದವರು ಬಿಟ್ಟುಕೊಡಬೇಕು. ವೆಲಿಗಾಮದ ಜಾತ್ರೆಯಿಂದ ಬಂದವರಿಗೆ ಈ ಶಿಸ್ತು ಹೊಸದು. ಊರಿನ ಹುಡುಗರು ನಗುತ್ತಲೇ ಇರುತ್ತಾರೆ, ಆದರೆ ನುಗ್ಗಿದರೆ ನಗು ನಿಲ್ಲುತ್ತದೆ.

ನಾನು ಎಡಗಾಲು ಮುಂದಿಟ್ಟು ನಿಲ್ಲುವವನು. ಎಡಕ್ಕೆ ಹೋಗುವ ಅಲೆಯಲ್ಲಿ ನನಗೆ ಅಲೆಗೆ ಬೆನ್ನು ಮಾಡಿಯೇ ನಿಲ್ಲಬೇಕು, ಅದೊಂದು ಕಷ್ಟ. ಭಾವ ಬಲಗಾಲು ಮುಂದೆ. ಅವರಿಗೆ ಅಲೆ ಎದುರಿಗೇ ಕಾಣುತ್ತದೆ. ಮೊದಲ ಸೆಟ್ ಬಂದಾಗ ಕೋಚ್ "ಪ್ಯಾಡಲ್, ಪ್ಯಾಡಲ್" ಅಂತ ಕೂಗಿದ್ದು ನನಗೆ, ಎದ್ದು ನಿಂತಿದ್ದು ಭಾವ. ನಾನು ಹಿಂದಿನಿಂದ ಅವರ ತಲೆ ಮಾತ್ರ ನೋಡುತ್ತಿದ್ದೆ. ಅಲೆಯ ಆಚೆ ಬದಿಯಲ್ಲಿ ತಲೆ ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ಕೊನೆಗೆ ಚಾನೆಲ್ ಹತ್ತಿರ ಎರಡು ಕೈ ಮೇಲೆದ್ದವು. ಸುರತ್ಕಲ್‌ಗೆ ಕೇಳಿಸಬೇಕು, ಹಾಗೆ ಕೂಗಿದರು.

ನನ್ನದು ಸ್ವಲ್ಪ ತಡವಾಗಿ ಬಂತು. ಬೋರ್ಡ್‌ನ ಹಿಂಭಾಗ ಯಾರೋ ಎತ್ತಿದ ಹಾಗಾಗುತ್ತದೆ, ಆಗ ಇನ್ನೆರಡು ಸಲ ಜೋರಾಗಿ ಕೈ ಹಾಕಬೇಕು. ಹಾಕಿದೆ. ಎದ್ದೆ. ಎಡಗಡೆ ನೋಡಿದೆ, ಎಲ್ಲಿ ನೋಡುತ್ತೀಯೋ ಅಲ್ಲಿಗೇ ಬೋರ್ಡ್ ಹೋಗುತ್ತದೆ ಅಂತ ಕೋಚ್ ಹೇಳಿದ್ದ. ನೀರು ಎಷ್ಟು ತಿಳಿಯಾಗಿತ್ತು ಅಂದರೆ ಬೋರ್ಡ್‌ನ ಅಂಚಿನ ಕೆಳಗೆ ರೀಫ್ ಓಡುವುದು ಕಾಣುತ್ತಿತ್ತು. ಕಂದು, ಹಸಿರು, ನಡುವೆ ಕಪ್ಪು ಚುಕ್ಕೆ. ನಾನು ನಿಂತೇ ಇದ್ದೇನೆ, ಕೆಳಗೆ ನೆಲ ಓಡುತ್ತಿದೆ ಅನ್ನಿಸಿತು. ಮರಳಿನ ಕಡಲಲ್ಲಿ ಇದು ಸಿಗುವುದಿಲ್ಲ. ಬಿದ್ದದ್ದೂ ಚಪ್ಪಟೆಯಾಗಿಯೇ, ಆಳದ ಕಡೆಗೇ.

ಒಂಬತ್ತಕ್ಕೆ ಅಲೆ ಒಡೆಯುವ ಸದ್ದು ಗಡಸಾಯಿತು. ಕೆಳಗೆ ನೀರು ತೆಳುವಾಗುತ್ತಿತ್ತು. ತುದಿಯಲ್ಲಿ ಬಂಡೆಯ ಮೇಲೆ ನೀರು ಗುಳ್ಳೆ ಗುಳ್ಳೆಯಾಗಿ ಕುದಿಯಲು ಶುರುವಾದಾಗ ಕೋಚ್ ಸೀಟಿ ಹೊಡೆದ. ಭಾವ "ಇನ್ನೊಂದು, ಒಂದೇ ಒಂದು" ಅಂದರು. ಅವನು ಬುಧವಾರದ ಮುರಿದ ಫಿನ್ ಹಿಡಿದ ಹಾಗೆ ಬೆರಳು ಎತ್ತಿ ತೋರಿಸಿದ. ಭಾವ ಸುಮ್ಮನೆ ಬೋರ್ಡ್ ತಿರುಗಿಸಿದರು.

ದಡದಲ್ಲಿ ತಂಬಿಲಿ ಎಳನೀರು ಕುಡಿಯುತ್ತಾ ಕೂತಾಗ ಮೊಬೈಲ್ ಇದ್ದದ್ದು ಭಾವನ ಕೈಯಲ್ಲಿ. ಭಾನುವಾರ 0.8, 11 ಸೆಕೆಂಡ್. ಸೋಮವಾರವೂ ಅಷ್ಟೇ, ಗಾಳಿ ಈಶಾನ್ಯ, ಇಳಿತ ಹನ್ನೆರಡರ ಮೇಲೆ. ನಮ್ಮ ವಿಮಾನ ಭಾನುವಾರ ರಾತ್ರಿ.

"ಸೋಮವಾರ ಬೆಳಿಗ್ಗೆ ಇನ್ನೂ ನೀರು ಜಾಸ್ತಿ ಇರ್ತದೆ ಮಾರಾಯ" ಅಂದರು. ನಾನು ಉತ್ತರ ಕೊಡುವಷ್ಟರಲ್ಲಿ ಅವರು ಟಿಕೆಟ್ ಬದಲಿಸಲು ಎಷ್ಟಾಗುತ್ತದೆ ಅಂತ ನೋಡುತ್ತಿದ್ದರು.